ಬೇಲದ ಮರದ ಹಾಸ್ಟೆಲಿನವಳು

ನಮ್ಮದು ಬೇಲದ ಮರದ ಹಾಸ್ಟೆಲು, ಅವರದು ಟ್ಯಾಂಕಿನ ಹಾಸ್ಟೆಲು.
ನಡುವೆ ಪಡುವಾರಹಳ್ಳಿಯ ಒಂದು ರಸ್ತೆ, ಎರಡು ಜೆರಾಕ್ಸ್ ಅಂಗಡಿ,
ಒಬ್ಬ ಚುರುಮುರಿಯವನು.
ಅವನೊಬ್ಬನೇ ಇಬ್ಬರಿಗೂ ಒಂದೇ ಖಾರ ಹಾಕುತ್ತಿದ್ದವನು.

ಟ್ಯಾಂಕಿನವರೆಂದರೆ ಪೌಡರು. ಟ್ಯಾಂಕಿನವರೆಂದರೆ
ಅಪ್ಪನಿಗೆ ರೈಲ್ವೆಯಲ್ಲೋ ಎಲ್ಲೈಸಿಯಲ್ಲೋ ಕೆಲಸ,
ಮಾತಿಗೆ ಮೊದಲು ಒಂದು "ಆಕ್ಚುಯಲಿ".
ಬಣ್ಣ ನೋಡಿ ಸೇರಿಸಿಕೊಳ್ಳುತ್ತಾರಂತೆ,
ಬಾಗಿಲಲ್ಲೇ ಮೊಣಕೈ ತಿರುಗಿಸಿ ನೋಡುತ್ತಾಳಂತೆ ವಾರ್ಡನ್ನು.
ಇದನ್ನು ನನಗೆ ಹೇಳಿದವಳು
ಆ ಬಾಗಿಲು ಕಂಡವಳೇ ಅಲ್ಲ.
ನಾನು ನಂಬಿದೆ.
ನನ್ನ ಮೊಣಕೈ ಒಮ್ಮೆ ನೋಡಿಕೊಂಡು ನಂಬಿದೆ.

ನಾವೆಂದರೆ ಎಣ್ಣೆ ಜಡೆ, ರಾತ್ರಿ ಎರಡರ ತನಕ ದೀಪ,
ಚಪ್ಪಲಿಯೊಳಗೆ ಕಾಲುಚೀಲ,
ಭಾಷಣ. ಭಾಷಣದ ಮೇಲೆ ಭಾಷಣ.
"ಬೇಲದಕಾಯಿ ಕಣೆ ಅವು, ಕಲ್ಲಲ್ಲಿ ಕುಟ್ಟದೆ ಬಾಯಿ ಬಿಡಲ್ಲ"
ಎಂದವರೂ ಅವರೇ.
ಅವರ ಸಾಂಬಾರಲ್ಲಿ ಬೇಳೆ ಜಾಸ್ತಿಯೆಂದು ನಾವು,
ನಮ್ಮದರಲ್ಲಿ ಜಾಸ್ತಿಯೆಂದು ಅವರು;
ಎರಡೂ ಕಡೆ ತೂಕದಲ್ಲಿ ಹೊಡೆಯುತ್ತಿದ್ದವನು
ಒಬ್ಬನೇ ಗುತ್ತಿಗೆದಾರ.

ಮೊದಲು ಒಂದೇ ಹಾಸ್ಟೆಲಿತ್ತಂತೆ.
ಹನ್ನೊಂದು ಟ್ರಂಕು ಒಂದು ಕೈಗಾಡಿಯಲ್ಲಿ
ರಾತ್ರೋರಾತ್ರಿ ಹೊರಟವಂತೆ.
ಸಿದ್ಧಾಂತಕ್ಕೆ, ಎನ್ನುತ್ತಿದ್ದೆವು ನಾವು.
ಬಿಸಿನೀರಿಗೆ, ಎನ್ನುತ್ತಿದ್ದರು ಅವರು.
ಹೊರಟವರು ಯಾರು, ಉಳಿದವರು ಯಾರು
ಎಂಬುದಕ್ಕೂ ಎರಡು ಲೆಕ್ಕ.

ಥ್ರೋಬಾಲ್ ಫೈನಲಿನಲ್ಲಿ ಕೋಮಲಾಕ್ಷಿಯ ಉಗುರು
ನನ್ನ ಮುಂಗೈಯಲ್ಲೊಂದು ಗೆರೆ ಎಳೆಯಿತು. ಇನ್ನೂ ಇದೆ.
ಬೇಕೆಂದೇ ಮಾಡಿದಳು.
ಇಲ್ಲ, ಮೊದಲು ತುಳಿದವಳು ನಾನು.

ಏಪ್ರಿಲ್ ಹದಿನಾಲ್ಕರ ಮೆರವಣಿಗೆಯಲ್ಲಿ
ನೀಲಿ ಬ್ಯಾನರಿನ ಎಡತುದಿ ನಮಗೆ, ಬಲತುದಿ ಅವರಿಗೆ.
ಎಳೆದಾಡಿ ಎಳೆದಾಡಿ ಅಗ್ರಹಾರದ ಸರ್ಕಲ್ಲಿಗೆ ಬರುವಷ್ಟರಲ್ಲಿ
ನಡುವಿನ ಅಕ್ಷರವೊಂದು ಹರಿದಿತ್ತು.
ಫುಟ್‌ಪಾತಿನಲ್ಲಿ ನಿಂತವರು "ಹಾಸ್ಟೆಲ್ ಹುಡುಗೀರು" ಎಂದರು, ಅಷ್ಟೆ.
ಯಾವ ಹಾಸ್ಟೆಲೆಂದು ಯಾರೂ ಕೇಳಲಿಲ್ಲ.
ಆವತ್ತು ಇಬ್ಬರಿಗೂ ಅವಮಾನವಾದದ್ದು ಅದೊಂದಕ್ಕೇ.

ಎಂ.ಎ. ಮುಗಿದ ಜೂನು. ರೂಮು ಖಾಲಿ ಮಾಡಿಸಿದ್ದರು.
ಸರಸ್ವತಿಪುರಂನಲ್ಲಿ "ಬಾಡಿಗೆಗೆ ಇದೆ" ಬೋರ್ಡಿನ ಕೆಳಗೆ
ಗೇಟಿಗೆ ಕೈಯಿಟ್ಟರೆ
ಇನ್ನೊಂದು ಕೈ ಆಗಲೇ ಅಲ್ಲಿತ್ತು. ಅವಳದು.
ಇಬ್ಬರ ಹತ್ತಿರವೂ ಅದೇ ಪೇಪರಿನ ತುಂಡು.

ಮನೆಯಾಕೆ ಒಳ್ಳೆಯವರು, ನಗುತ್ತಲೇ ಕೇಳಿದರು:
"ಯಾವ ಕಡೆಯವರಮ್ಮ?"
ಮಳವಳ್ಳಿ ಕಡೆ, ಎಂದೆ.
"ಅದಲ್ಲ."

ಭಾಷಣದವಳು ನಾನು. ಮೂರು ಸಲ ಮೊದಲ ಬಹುಮಾನ.
ಬಾಯೊಳಗೆ ಆಗಲೇ ಒಂದು ಗೌಡರ ಮನೆ ಎದ್ದಿತ್ತು
ಜಗಲಿ ಸಮೇತ, ಕೊಟ್ಟಿಗೆಯ ಎರಡು ಎಮ್ಮೆ ಸಮೇತ.
ಪೌಡರಿನವಳು, ಆಕ್ಚುಯಲಿಯವಳು,
ಏನು ಹೇಳಿದರೂ ನಂಬಿಬಿಡಬಹುದಾದ ಬಣ್ಣದವಳು,
ಬ್ಯಾಗನ್ನು ಹೆಗಲಿಗೇರಿಸಿ
"ಕೇರಿಯವರು ಅಮ್ಮ. ಇಬ್ಬರೂ" ಎಂದಳು.

ಹೊರಬರುವಾಗ ಗೇಟಿನ ಚಿಲಕ ಸರಿಯಾಗಿ ಕೂರಲಿಲ್ಲ.
ಅವಳು ವಾಪಸು ಹೋಗಿ ಕೂರಿಸಿ ಬಂದಳು.
ಬಸ್‌ಸ್ಟಾಪಿನಲ್ಲಿ ಕೇಳಿದಳು:
"ನೀನೇನು ಹೇಳಕ್ಕೆ ಹೊರಟಿದ್ದೆ ಅಮ್ಮಿ?"
ಅದನ್ನೇ, ಎಂದೆ.
ನನ್ನನ್ನು ನೋಡಿದಳು,
ಟ್ಯಾಂಕಿನವರು ನೋಡುವ ಹಾಗೆ.

ನಾವು ಗೆಳತಿಯರಾಗಲಿಲ್ಲ.
ಅವಳು ರಾಯಚೂರಿನಲ್ಲಿದ್ದಾಳೆಂದು ಯಾರೋ ಹೇಳಿದರು, ಧಾರವಾಡವೆಂದು ಇನ್ಯಾರೋ.

ನನಗೆ ಮಂಡ್ಯದಲ್ಲಿ ಕೆಲಸ, ಸುಭಾಷ್‌ನಗರದಲ್ಲಿ ಸ್ವಂತ ಮನೆ.
ಈ ವರ್ಷ ಮಗಳಿಗೆ ಸೀಟು ಸಿಕ್ಕಿದ್ದು ಟ್ಯಾಂಕಿನಲ್ಲಿ.
ಮೊದಲ ಭಾನುವಾರವೇ ಫೋನು:
"ಅವ್ವಾ, ಆ ಬೇಲದವರು ಎಂಥಾ ಜನ ಗೊತ್ತಾ ನಿಂಗೆ?"
ಮರ ಕಡಿದು ಹತ್ತು ವರ್ಷವಾಯಿತೆಂದು ಕೇಳಿದ್ದೆ.

ಒಲೆಯ ಮೇಲೆ ಉಪ್ಸಾರು ಉಕ್ಕುತ್ತಿತ್ತು.
ಉರಿ ಸಣ್ಣಗೆ ಮಾಡಿ, ಸ್ಟೂಲು ಎಳೆದುಕೊಂಡು ಕೂತು
"ಇಲ್ಲವಲ್ಲ, ಹೇಳು" ಎಂದೆ.