ಸೂಲಗಿತ್ತಿಯ ಗುರುತು

ಅಮ್ಮನಿಗೆ ಬೇಕಾದದ್ದು ಒಂದೇ ಒಂದು ಹೆಸರು.
ಸತ್ತವರ ಶನಿವಾರ ಪಾದ್ರಿ ಗಟ್ಟಿಯಾಗಿ ಓದುವ ಚೀಟಿಯಲ್ಲಿ
ತಂಗಿಯ ಸಾಲು ಎಪ್ಪತ್ತೈದು ವರ್ಷದಿಂದ ಖಾಲಿ.
"ಪುಯ್ಕಾ ಅಂತಿದ್ದೆವು, ಕೋಳಿಮರಿ ಅಂತ.
ಕೋಳಿಮರಿಯ ಆತ್ಮಕ್ಕೆ ಶಾಂತಿ ಸಿಗಲಿ ಅಂದರೆ
ಇಗರ್ಜಿಗೆ ಇಗರ್ಜಿಯೇ ನಗುತ್ತದೆ."

ಅದಕ್ಕೇ ಚೆರ್ನಿವ್ತ್ಸಿಯ ಪತ್ರಾಗಾರದಲ್ಲಿ ಕೂತಿದ್ದೇನೆ.
ಪೆನ್ನು ಬಾಗಿಲಲ್ಲೇ ಕಿತ್ತುಕೊಂಡರು, ಪೆನ್ಸಿಲ್ ಕೊಟ್ಟರು.
ಓರಿಸ್ಯಾ ಎಂಬಾಕೆ ಹಳೇ ಪುಸ್ತಕಗಳನ್ನು
ಹಸುಗೂಸಿನ ಹಾಗೆ, ಕತ್ತಿನಡಿ ಕೈಕೊಟ್ಟು
ಎತ್ತಿ ತಂದು ಮಲಗಿಸುತ್ತಾಳೆ.

ಚಕ್ರವರ್ತಿಯ ಕಾಲದಲ್ಲಿ ಅಜ್ಜ ಥಿಯೊಡೋರ್,
ಬೇಲಿಗೂಟದಂಥ ಅಕ್ಷರಗಳ ನಡುವೆ.
ರಾಜನ ಕಾಲದಲ್ಲಿ ಟೊವಾದೆರ್:
ಮದುವೆ, ಎರಡು ಪಟ್ಟೆ ಹೊಲ, ಒಂದು ಹಸು.
ಕೆಂಪು ಮುದ್ರೆಯವರು ಬಂದಾಗ ಫೆದಿರ್,
ಮೇಲಿನ ಕಚೇರಿಯಲ್ಲಿ ಫ್ಯೋದೊರ್.
ಯಾರು ಹೇಗೆ ಕರೆದರೂ ಓಗೊಟ್ಟ ಮನುಷ್ಯ
ಸಿರೆತ್ ಹೊಳೆಯಾಚೆ ಒಂದು ರಾತ್ರಿಯೂ ಮಲಗಿದವನಲ್ಲ.

ತಂಗಿ ಹುಟ್ಟಿದ್ದು ನಲವತ್ತನೇ ಇಸವಿ, ಹುಲ್ಲು ಕೊಯ್ಯುವ ವಾರ.
ಹಳೇ ಸರಕಾರದ ಗುಮಾಸ್ತ ಮುದ್ರೆ, ಮಸಿಕುಡಿಕೆ,
ಹೆಂಡತಿಯ ಹೊಲಿಗೆಯಂತ್ರ ಗಾಡಿಗೆ ಹೇರಿ
ದಕ್ಷಿಣಕ್ಕೆ ಹೊರಟಾಗಿತ್ತು.
ಹೊಸ ಸರಕಾರದ ಗುಮಾಸ್ತ ಇನ್ನೂ ಬಂದಿರಲಿಲ್ಲ.
ನಡುವಿನ ಒಂಬತ್ತು ದಿನ
ಆ ಊರು ಯಾರ ಪುಸ್ತಕದಲ್ಲೂ ಇರಲಿಲ್ಲ.
ಹಸು ಹಾಲು ಕರೆಸಿಕೊಂಡಿತು.
ಅಜ್ಜಿಗೆ ನೋವು ಬಂತು.
ಏಳು ವರ್ಷದ ಅಮ್ಮನಿಗೆ ನೆನಪಿರುವುದು
ಬಿಸಿನೀರಿನ ತಾಮ್ರದ ಬೋಗುಣಿ,
ಯಾರದೋ ಒದ್ದೆ ಮೊಣಕೈ, ಮುಚ್ಚಿದ ಬಾಗಿಲು.

"ಆ ಹಾಳೆಗಳು ಇಲ್ಲಿಲ್ಲ," ಓರಿಸ್ಯಾ
ಕತ್ತರಿಸಿದ ಹೊಲಿಗೆದಾರ ತೋರಿಸಿದಳು.
"ಪಾದ್ರಿ ಕೊಂಡೊಯ್ದಿರಬೇಕು. ಆಚೆ ಕೇಳಿ."

ಆಚೆ ಎಂದರೆ ಸುಚಾವಾ.
ದಾರಿ ಎರಡು ಗಂಟೆ, ಗಡಿ ಮೂರು ಗಂಟೆ.
ಮೀಸೆ ಈಗಷ್ಟೇ ಚಿಗುರಿದ ಅಧಿಕಾರಿ ಕೇಳಿದ,
"ಯಾರನ್ನು ನೋಡಲು?"
"ಚಿಕ್ಕಮ್ಮನನ್ನು."
ವಯಸ್ಸೆಷ್ಟು ಎಂದು ಕೇಳಲಿಲ್ಲ, ಪುಣ್ಯ.
ನಾಲ್ಕು ದಿನ ಅನ್ನಬೇಕಾಗುತ್ತಿತ್ತು.

ಅಲ್ಲಿತ್ತು ಹಾಳೆ.
ಮನೆ ನಂಬರು ನಲವತ್ತೊಂದು. ಹೆಣ್ಣು.
ಅಂಚಿನಲ್ಲಿ, ಅವಸರದ ಕೈಬರಹ:
ಜೀವ ಉಳಿಯದೆಂದು ಸೂಲಗಿತ್ತಿಯೇ ನೀರು ಹಾಕಿ ಹೆಸರಿಟ್ಟಳು.
ಏನೆಂದು? ಮೂರು ಬೆರಳಗಲ ಬರಿ ಕಾಗದ.
ನಾಳೆ ಕೇಳಿ ಬರೆದರಾಯಿತು ಅಂದುಕೊಂಡಿರಬೇಕು ಪಾದ್ರಿ.
ನಾಳೆ ಅವನು ಗಾಡಿಯಲ್ಲಿದ್ದ.
ಕೆಳಗೆ: ಸೂಲಗಿತ್ತಿ ಯೆವ್ದೊಖಾ, ಓದುಬರಹ ಬಾರದು.
ಒಂದು ಗೀಟಿನ ಮೇಲೊಂದು ಗೀಟು.

ಆ ಗೀಟು ಎಲ್ಲೋ ಕಂಡಿದ್ದೆ.
ಚೀಲದಿಂದ ಜೆರಾಕ್ಸುಗಳನ್ನು ತೆಗೆದು ಮೇಜಿನ ಮೇಲೆ ಹರಡಿದೆ.
ಅಜ್ಜ ಹುಟ್ಟಿದ ಪುಟ, ಜರ್ಮನ್.
ಅಮ್ಮ ಹುಟ್ಟಿದ ಪುಟ, ರೊಮೇನಿಯನ್.
ಅಡ್ಡಗೀಟು ಎಡಕ್ಕೆ ತುಸು ಜಾಸ್ತಿ ಉದ್ದ,
ಒದ್ದೆ ಬೆರಳು ಜಾರಿದ ಹಾಗೆ, ಎಲ್ಲದರಲ್ಲೂ.
ಹುಟ್ಟಿದವರ ಹೆಸರನ್ನೆಲ್ಲ ತಿದ್ದಿ ತಿರುಚಿದ ಗುಮಾಸ್ತರು
ಇದೊಂದನ್ನು ತಮ್ಮ ಭಾಷೆಗೆ ತಂದುಕೊಳ್ಳಲಾಗದೆ
ಹಾಗೇ ಬಿಟ್ಟಿದ್ದರು.

ಅಮ್ಮ ಅಂಗಳದಲ್ಲಿ ಅಕ್ರೋಟು ಒಡೆಯುತ್ತಿದ್ದಳು,
ಬೆರಳೆಲ್ಲ ಕಪ್ಪು.
"ಸಿಕ್ಕಿತಾ?"
"ಹೆಸರು ಗೊತ್ತಿದ್ದವಳು ಸಿಕ್ಕಳು."
ಚೀಟಿಯ ಖಾಲಿ ಸಾಲಿನಲ್ಲಿ ಬರೆದುಕೊಟ್ಟೆ: ಯೆವ್ದೊಖಾ.
ಕಣ್ಣಿಗೆ ಹತ್ತಿರ ಹಿಡಿದು ಓದಿದಳು.
"ಇವಳಾ! ಅವತ್ತು ನನ್ನ ಕಿವಿ ಹಿಂಡಿ ಹೊರಗಟ್ಟಿದ್ದಳು."
ಕಿವಿ ಮುಟ್ಟಿ ನೋಡಿಕೊಂಡಳು, ಇನ್ನೂ ಉರಿಯುತ್ತಿದೆಯೋ ಎಂಬಂತೆ.

ಆಮೇಲೆ ಪೆನ್ಸಿಲ್ ಕೇಳಿದಳು.
ಸೂಲಗಿತ್ತಿಯ ಕೆಳಗೆ, ಅವಳ ಸೆರಗಿಗೆ ಅಂಟಿಸಿದಷ್ಟು ಹತ್ತಿರ,
ಶಾಲೆಯಲ್ಲಿ ಮೊದಲು ಕಲಿತ ಅಕ್ಷರಗಳಲ್ಲಿ
ಪುಯ್ಕಾ ಎಂದು ಬರೆದು
ಚೀಟಿ ಮಡಿಸಿ ಕರವಸ್ತ್ರದೊಳಗಿಟ್ಟಳು.
"ನಗುವವರು ನಗಲಿ ಬಿಡು."