ದಯಾನಂದ

ಬಾರು ಎಲ್ಲಿ ಅಂದರೆ ಶಿಡ್ಲಘಟ್ಟದಲ್ಲಿ
ಮಲಗಿದ ನಾಯಿಯೂ ಎದ್ದು ದಾರಿ ತೋರಿಸುತ್ತದೆ.
ಬಿಡಿಸುವವರು ಎಲ್ಲಿ ಅಂತ ಕೇಳಲು
ನನಗೆ ಬಾಯಿರಲಿಲ್ಲ.
ಸರ್ಕಾರಿ ಆಸ್ಪತ್ರೆಯ ಗೋಡೆ ಮೇಲೊಂದು ಚೀಟಿ,
ಅರ್ಧ ಹರಿದದ್ದು. ಉಳಿದ ಅರ್ಧದಲ್ಲಿ
ಚಿಂತಾಮಣಿ, ಮಂಗಳವಾರ, ಏಳು ಗಂಟೆ,
ಯಾವುದೋ ಚರ್ಚಿನ ಶಾಲೆ.
ಒಳ್ಳೆಯದೇ ಆಯಿತು ಅಂದುಕೊಂಡೆ.
ಇನ್ನೊಂದು ಊರು. ಅಲ್ಲಿ ನಾನು ಯಾರ ಮಗನೂ ಅಲ್ಲ.

ರೇಷ್ಮೆ ನೂಲು ತೆಗೆಯುವ ಕೆಲಸ ನನ್ನದು.
ಕುದಿಯುವ ನೀರಲ್ಲಿ ಗೂಡು, ಗೂಡಿನೊಳಗೆ ಬೆಂದ ಹುಳ,
ಆ ನಾತ ಚರ್ಮಕ್ಕೆ ಹತ್ತಿದರೆ
ಸೀಗೆಕಾಯಿಗೂ ಜಗ್ಗುವುದಿಲ್ಲ.
ಹನ್ನೊಂದು ವರ್ಷ ಅದರ ಮರೆಯಲ್ಲೇ ಕುಡಿದೆ.
ಹೆಂಡತಿ ಮೂಗು ಮುಚ್ಚಿಕೊಂಡಾಗೆಲ್ಲ
ಹುಳ ಕಣೇ, ಅಂದೆ.
ಹೂಂ, ಹುಳವೇ, ಅಂದಳು ಒಂದು ದಿನ,
ನನ್ನನ್ನೇ ನೋಡುತ್ತಾ.

ಮೊದಲ ಮಂಗಳವಾರ ಗೇಟಿನ ತನಕ ಹೋಗಿ
ಕಡಲೆಕಾಯಿ ಕೊಂಡು, ತಿಂದು, ವಾಪಸು ಬಸ್ಸು ಹತ್ತಿದೆ.
ಎರಡನೆಯ ಸಲ ವಾಚ್‌ಮನ್ ತಡೆದ.
ಏನ್ ಬೇಕು?
ಮಗೂಗೆ ಅಡ್ಮಿಷನ್ನು, ಅಂದೆ.
ರಾತ್ರಿ ಏಳಕ್ಕಾ? ಬೀಡಿ ಕಚ್ಚಿಕೊಂಡೇ ನಕ್ಕ:
ಎಡಕ್ಕೆ ಹೋಗಿ, ಮೂರನೇ ರೂಮು,
ಚಪ್ಪಲಿ ಬಿಟ್ಟಿರ್ತಾರೆ ನೋಡಿ.

ಒಂಬತ್ತು ಜೊತೆ. ಒಳಗೆ ಹೋಗುವುದನ್ನು
ಇನ್ನಷ್ಟು ಮುಂದೂಡಲು ಮತ್ತೆ ಎಣಿಸಿದೆ.
ಎರಡನೇ ಕ್ಲಾಸಿನ ಬೆಂಚು, ಮಂಡಿ ಎದೆಗೆ ಬರುತ್ತದೆ.
ಕರಿಹಲಗೆಯಲ್ಲಿ ಅಳಿಸದ ಕಳೆಯುವ ಲೆಕ್ಕ,
ಪಕ್ಕದ ಮನೆಯಿಂದ ಒಂದು ಹತ್ತು ಸಾಲ ತಂದದ್ದು.
ವಾಪಸು ಕೊಟ್ಟ ಗುರುತು ಎಲ್ಲೂ ಇಲ್ಲ.

ನರ್ಸ್ ಆಗಿದ್ದ ಫಿಲೋಮಿನಾ ಮಾತಾಡಿದರು.
ನೈಟ್ ಡ್ಯೂಟಿ, ಸ್ಪಿರಿಟ್ ಬಾಟಲಿ, ಅಷ್ಟು ಹೇಳಿ
ಉಳಿದದ್ದನ್ನು ಸೆರಗಿನ ಅಂಚಿಗೆ ಹೇಳಿಕೊಂಡರು.
ಒಬ್ಬ ಹುಡುಗ ಕನ್ನಡದಲ್ಲಿ ಶುರುಮಾಡಿ
ಅಳು ಬಂದಾಗ ತೆಲುಗಿಗೆ ಹೋದ.
ಯಾರೂ ಬುದ್ಧಿ ಹೇಳಲಿಲ್ಲ. ಅದಕ್ಕೇ ಭಯವಾಯಿತು.
ನಿಮ್ಮ ಹೆಸರು? ಹೆಸರೊಂದೇ ಸಾಕು.
ಬಾಯಿಗೆ ಬಂದದ್ದು
ನಮ್ಮೂರ ಬಾರಿನ ಕ್ಯಾಷಿಯರ್ ಹೆಸರು:
ದಯಾನಂದ.
ನಮಸ್ಕಾರ ದಯಾನಂದ, ಅಂದರು ಒಂಬತ್ತೂ ಜನ,
ತೊಟ್ಟಿಲಲ್ಲಿ ಇಟ್ಟು ಕರೆದ ಹಾಗೆ.

ಅಲ್ಲಿಂದ ದಯಾನಂದ ಬಸ್ಸು ಹತ್ತಿದ, ಇಳಿದ,
ಸಕ್ಕರೆ ಜಾಸ್ತಿಯಾದ ಟೀ ಕುಡಿದ,
ಐದು ದಿನ, ಹನ್ನೆರಡು ದಿನ.
ವರ್ಷತೊಡಕಿನ ಬಾಡೂಟಕ್ಕೆ ಹೋಗಿ ಜಾರಿದ,
ಮಂಗಳವಾರ ಬಂದು ಹೇಳಿದ,
ಮತ್ತೆ ಒಂದರಿಂದ ಎಣಿಸಿದ.
ಎಳೆ ಸಿಗದ ಗೂಡನ್ನು ನಾವೂ ಎಸೆಯುವುದಿಲ್ಲ,
ಇನ್ನೊಮ್ಮೆ ಬಿಸಿನೀರಿಗೆ ಹಾಕುತ್ತೇವೆ.
ಇದನ್ನು ಅಲ್ಲಿ ಹೇಳಬೇಕು ಅನಿಸಿತು. ಹೇಳಿದರೆ
ಕೆಲಸ ಗೊತ್ತಾಗುತ್ತದೆ, ಊರು ಗೊತ್ತಾಗುತ್ತದೆ.

ರಾತ್ರಿ ಮನೆಯಲ್ಲಿ ಅವಳು ಏನೂ ಕೇಳುವುದಿಲ್ಲ.
ಬಾಗಿಲು ತೆಗೆದು ಒಂದು ಸಲ ಉಸಿರು ಎಳೆದುಕೊಳ್ಳುತ್ತಾಳೆ.
ಹುಳ. ಬರೀ ಹುಳ.
ಮುದ್ದೆ ತಣ್ಣಗಾಗಿದೆ, ಅನ್ನುತ್ತಾಳೆ.

ಏಳನೇ ವಾರ ತಡೆಯಲಾಗಲಿಲ್ಲ. ಎದ್ದು ನಿಂತೆ.
ನಾನು ದಯಾನಂದ ಅಲ್ಲ. ಬ್ಯಾಟರಾಯಪ್ಪ.
ಮುದುಕ ಅನ್ವರ್ ಪಾಷಾ ಲೋಟ ಕೆಳಗಿಟ್ಟ.
ಗೊತ್ತು ಕಣಪ್ಪ. ಗೂಡಿನ ಮಾರ್ಕೆಟ್ಟಲ್ಲಿ
ನಿಮ್ಮಪ್ಪನಿಗೆ ತೂಕ ಹಾಕಿದ ಕೈ ಇದು.
ನೀನು ಬಾಗಿಲಿಗೆ ಬಂದಾಗಲೇ ವಾಸನೆ ಬಂತು.
ಮತ್ತೆ ಯಾಕೆ ಹೇಳಲಿಲ್ಲ?
ಹೆಸರು ನಿಂದು, ಅಂದ. ನಾನ್ ಯಾಕ್ ಹೇಳ್ಲಿ?

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಆ ಕ್ಯಾಷಿಯರ್ ಸಿಕ್ಕ,
ಹೆಗಲಿಗೆ ಮಗಳ ಗುಲಾಬಿ ಬಣ್ಣದ ಬ್ಯಾಗು.
ಎಂತ ಮಾರಾಯ್ರೆ, ಕಾಣುದೇ ಇಲ್ಲ?
ಬಾಕಿ ಏನಾದರೂ ಇದೆಯಾ, ಅಂದೆ.
ಇಲ್ಲ, ಇಲ್ಲ, ಎಲ್ಲ ಚುಕ್ತಾ, ಅಂದ.
ಇತ್ತು.
ನಿಮ್ಮ ಹೆಸರಲ್ಲಿ ಒಂದಷ್ಟು ದಿನ
ಕುಡಿಯದೆ ಇದ್ದೆ ಅಂತ ಹೇಳೋಣವೆಂದು ಬಾಯಿ ತೆರೆದೆ.
ಚಿಂತಾಮಣಿ ಬಸ್ಸು ಬಂತು.