ಒಂದೆಳೆ ಸಣ್ಣ

ಶಿಡ್ಲಘಟ್ಟದ ಹಳೇ ಗೂಡ್ಸ್ ಶೆಡ್ಡಿನ ಹಿಂದೆ
ಹನ್ನೆರಡು ಗಜ ಹಳಿ ಉಳಿದಿದೆ, ಎರಡೂವರೆ ಅಡಿ ಅಗಲದ್ದು.
ಅತ್ತ ಹೋಗುವುದಿಲ್ಲ, ಇತ್ತ ಬರುವುದಿಲ್ಲ.
ಅದರ ಮೇಲೆ ನಮ್ಮ ಎಂಜಿನ್ನು.

ನಮ್ಮದು ಅಂದರೆ, ನಮ್ಮದೇನಲ್ಲ. ಇಲಾಖೆಯದು.
ಗುಜರಿಗೆ ತೂಕ ಹಾಕುವ ದಿನ ಕಾಗದ ಎಲ್ಲೋ ಕಳೆದು
ಉಳಿದುಕೊಂಡದ್ದು.
ಭಾನುವಾರ ಬೆಳಿಗ್ಗೆ ನಾವು ನಾಲ್ಕು ಜನ
ಹಳೇ ಬಟ್ಟೆ, ಸೀಮೆಎಣ್ಣೆ, ಹರಳೆಣ್ಣೆ ಹಿಡಿದು ಹೋಗುತ್ತೇವೆ,
ಎಮ್ಮೆ ಮೈ ತೊಳೆಯಲು ಕೆರೆಗೆ ಹೋದ ಹಾಗೆ.

ಅಶ್ವತ್ಥರೆಡ್ಡಿ ಮೇಷ್ಟ್ರಿಗೆ ಚಕ್ರದ ಲೆಕ್ಕ ಬೇಕು.
ಭಾನುಮತಿ ಹುಟ್ಟುವ ಮೊದಲೇ ಬೆಂಕಿ ಆರಿತ್ತು;
ಆದರೂ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ
ಬೋಲ್ಟು ಬೋಲ್ಟಿಗೂ ಒಂದು ಹೆಸರು ಬರೆದಿಟ್ಟಿದ್ದಾಳೆ.
ನಾನು ಮೀಟರ್ ಓದುವವನು. ವಾರವಿಡೀ
ಜನರ ಮನೆ ಗೋಡೆಯ ಮೇಲೆ ಓಡುವ ಅಂಕಿ ನೋಡಿ ನೋಡಿ
ನಿಂತ ಮುಳ್ಳೊಂದನ್ನು ನೋಡುವುದು ಎಷ್ಟು ಹಿತ
ಎಂದು ಯಾರಿಗೆ ಹೇಳಲಿ.

ಖಲಂದರ್ ಮಾತ್ರ ಹಬೆ ಬಲ್ಲವನು.
ಫಿಲೇಚರಿನ ಬಾಯ್ಲರ್ ಅವನ ಕೈಯಲ್ಲಿ ಇಪ್ಪತ್ತು ವರ್ಷ.
ಗೂಡು ಬೇಯುವ ನಾತದಲ್ಲಿ ನಿಂತು, ಗೇಜು ನೋಡದೆ,
ಪೈಪಿನ ಹತ್ತಿರ ಅಂಗೈ ಹಿಡಿದು
‘ನಲವತ್ತೈದು’ ಅನ್ನುತ್ತಾನೆ. ನಲವತ್ತೈದೇ ಇರುತ್ತದೆ.

ಅವನದೇ ಯೋಚನೆ ಇದು:
ಎಂಜಿನ್ನಿನ ಹೊಟ್ಟೆ ತೂತು, ಬೆಂಕಿ ತಡೆಯದು.
ಗಂಟಲು ಚೆನ್ನಾಗಿದೆಯಲ್ಲ?
ಮೂಲೆಗೆ ಬಿದ್ದಿದ್ದ ಸಣ್ಣ ಬಾಯ್ಲರೊಂದನ್ನು ಟೆಂಪೋದಲ್ಲಿ ತಂದು
ಪೈಪು ಸೇರಿಸಿ, ನೂಲು ಸುತ್ತಿ, ಬಿಗಿದು,
ಹುಣಸೆ ಸೌದೆ ಒಟ್ಟಿದೆವು.
ನೀರು ಮೊದಲು ಗೊಣಗಿತು. ಆಮೇಲೆ ಸುಮ್ಮನಾಯಿತು.
ಸುಮ್ಮನಾದಾಗಲೇ ಹುಷಾರಾಗಿರಬೇಕು ಅಂದ ಖಲಂದರ್.
ಭಾನುಮತಿ ಸರಪಳಿ ಎಳೆದಳು.

ಕೂ—

ಏನು ಹೇಳಲಿ.
ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.
ಅರಳಿಮರದ ಗಿಣಿಗಳೆಲ್ಲ ಒಟ್ಟಿಗೆ ಎದ್ದವು.
ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವರು
ತಲೆಯೆತ್ತಿ ಆಕಾಶ ನೋಡಿದರು.

ಆಗ ಬಂದಳು ಮುನಿತಾಯಮ್ಮ,
ಹಳೇ ಗೇಟಿನ ಪಕ್ಕದ ಮನೆಯವಳು,
ಒದ್ದೆ ಕೈ ಸೆರಗಿಗೆ ಒರೆಸುತ್ತ.
ಗಂಡ ಇದೇ ಲೈನಿನಲ್ಲಿ ಕಲ್ಲಿದ್ದಲು ಎಸೆಯುತ್ತಿದ್ದವನಂತೆ.
ನಾವು ಕುರ್ಚಿ ಹುಡುಕಿದೆವು. ಕಥೆ ಕೇಳುವ ಆಸೆ ನಮಗೆ.

‘ಕಥೆ ಏನೈತ್ರಪ್ಪಾ.
ಅಂಗಿ ನೆನೆಹಾಕಿದ್ರೆ ಬಾನಿ ನೀರು ಮಸಿ.
ಎರಡನೇ ಸಲಕ್ಕೂ ಮಸಿ. ಮೂರನೇದಕ್ಕೂ.
ಕೆಮ್ಮಿದ್ರೂ ಅದೇ ಬಣ್ಣ.
ಅವನು ಹೋದ ಮ್ಯಾಲೆ ಉಳಿದಿದ್ದ ಒಂದಂಗಿ ಒಗೆದೆ,
ನೀರು ತಿಳಿಯಾಗೋ ತನಕ. ಆಗ ಅತ್ತೆ.’

ಯಾರೂ ಮಾತಾಡಲಿಲ್ಲ.
ಭಾನುಮತಿ ನೋಟ್‌ಬುಕ್ ಮುಚ್ಚಿದಳು.
ನನ್ನ ಕೈಯ ಎಣ್ಣೆಬಟ್ಟೆ ಎಲ್ಲಿಡಬೇಕೋ ತಿಳಿಯಲಿಲ್ಲ.

ಆಕೆ ಹೊರಟಳು. ನಾಲ್ಕು ಹೆಜ್ಜೆ. ನಿಂತಳು.
‘ಆದ್ರೂ ಇದು ಅದರ ದನಿ ಅಲ್ಲ.’
‘ಹೌದೇನಮ್ಮ?’
‘ಇದು ದಪ್ಪ ಆಯ್ತು. ಅದು ಒಂದೆಳೆ ಸಣ್ಣ.
ಚಿಂತಾಮಣಿ ಕಡೆ ತಿರುವಿನಾಗೆ ಅವನ ಗಾಡಿ ಕೂಗಿದ್ರೆ
ನಾನಿಲ್ಲಿ ಸಾರಿಗೆ ಒಗ್ಗರಣೆ ಹಾಕ್ತಿದ್ದೆ.
ಈ ದನಿಗೆ ಕೈ ಸಾಸಿವೆ ಡಬ್ಬಿಗೆ ಹೋಗಲಿಲ್ಲ ನೋಡು.’

ಅವತ್ತಿನಿಂದ ಕೆಲಸ ಬೇರೆಯಾಯಿತು.
ಸೀಟಿಯ ಬಟ್ಟಲು ಬಿಚ್ಚಿ, ಅಂಚಿಗೆ ಕೂದಲೆಳೆಯಷ್ಟು ಅರ ಹಾಕಿ,
ಮತ್ತೆ ಕೂರಿಸಿ, ಸೌದೆ ಒಟ್ಟಿ, ಎಳೆಯುತ್ತೇವೆ.
ಗೋಡೆಯಾಚೆಯಿಂದ ಉತ್ತರ: ‘ಅಲ್ಲ.’
ಒಂದು ವಾರ ‘ಹತ್ರ ಐತೆ.’
ಮರುವಾರ ‘ದೂರ ಹೋಯ್ತು.’
ಎರಡು ವಾರಕ್ಕೂ ಬಟ್ಟಲು ಮುಟ್ಟಿಯೇ ಇರಲಿಲ್ಲ,
ಆಕೆಯ ಕಿವಿಯದೇ ತಪ್ಪು ಅನ್ನುತ್ತಾರೆ ಮೇಷ್ಟ್ರು.
ಖಲಂದರ್ ಬಾಯಿಗೆ ಬೆರಳಿಟ್ಟು ಗದರುತ್ತಾನೆ.

ಹೀಗೆ ಆರನೇ ತಿಂಗಳು. ಬಟ್ಟಲು ಗಿಡ್ಡವಾಗುತ್ತಿದೆ.
ಬ್ರಾಡ್‌ಗೇಜ್ ಗಾಡಿ ಪಕ್ಕದಲ್ಲೇ ಹಾರ್ನ್ ಹಾಕಿ ಹೋದರೂ
ನಮ್ಮಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಹೋದ ಭಾನುವಾರ ಕೂಗಿಸಿದ ಮೇಲೆ ಉತ್ತರ ಬರಲಿಲ್ಲ.
ಬಹಳ ಹೊತ್ತು.
ಭಾನುಮತಿ ಗೋಡೆ ಹತ್ತಿ ಇಣುಕಿದಳು.
ಸಾಸಿವೆ ಸಿಡಿದ ವಾಸನೆ ಅಂತ ನಾನು,
ಅಲ್ಲ, ಕಾದ ಹರಳೆಣ್ಣೆ ಅಂತ ಖಲಂದರ್.
ಆಮೇಲೆ, ಒಳಗಿನಿಂದ, ಮೆಲ್ಲಗೆ:
‘ಅಲ್ಲ.’